ಅಂಧಬಾಲ್ಯದ ಕಥನ: ದೋಷ, ಪವಾಡ ಮತ್ತು ಅಭ್ಯಾಸ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಚರಿತ್ರೆಯಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನಿಂದಲೂ, ಸ್ಥಳಪುರಾಣದಲ್ಲಿ ವಿದುರನು ನೆಟ್ಟನೆಂಬ ಅಶ್ವತ್ಥವೃಕ್ಷದಿಂದಲೂ ಹೆಸರಾಗಿದೆ. ಸಂತಾನವನ್ನು ಬೇಡಿ, ನಾಗದೋಷದ ಪರಿಹಾರವನ್ನು ಬಯಸಿ ಭಕ್ತರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳ ಸಾಲುಗಳು ಈ ಕ್ಷೇತ್ರದ ವೈಶಿಷ್ಟ್ಯ. ವಿದುರನಾದರೋ ಜನ್ಮಾಂಧನಾದ ಧೃತರಾಷ್ಟ್ರನ ತಮ್ಮ ಮತ್ತು ಮಂತ್ರಿ. ಹೀಗೆ ಒಂದು ಸ್ಥಳನಾಮದ ಸುತ್ತ ಮಗುವಿನ ಹಂಬಲ, ದೋಷದ ಭಯ ಮತ್ತು ಅಂಧತ್ವದ ಕಥೆ ಈ ಮೂರೂ ಕೂಡಿಕೊಂಡಿವೆ. ಕನ್ನಡದ ಕಥನ ಪರಂಪರೆ ಕಣ್ಣಿಲ್ಲದ ಮಗುವನ್ನು ಹೇಗೆ ಗ್ರಹಿಸಿದೆ, ಆ ಗ್ರಹಿಕೆಯಲ್ಲಿ ಮಗುವಿನ ಆತ್ಮವಿಶ್ವಾಸಕ್ಕೆ ಎಷ್ಟು ಸ್ಥಾನವಿದೆ ಎಂಬ ಪ್ರಶ್ನೆಯನ್ನು ಎತ್ತಲು ಇದು ಉಚಿತವಾದ ನೆಲೆ.

ಮಹಾಭಾರತದ ಕಥೆಯಲ್ಲಿ ಧೃತರಾಷ್ಟ್ರನ ಅಂಧತ್ವಕ್ಕೆ ಕಾರಣ ತಾಯಿ. ವ್ಯಾಸನನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಆದ್ದರಿಂದ ಮಗ ಕುರುಡನಾದ. ಕಾರಣವನ್ನು ಹೆತ್ತವಳ ನಡತೆಯಲ್ಲಿ ಹುಡುಕುವ ಈ ವಿವರಣೆ ಪುರಾಣದಲ್ಲಿಯೇ ನಿಂತುಹೋಗಿಲ್ಲ. ‘ದೃಷ್ಟಿದೋಷ’, ‘ನಾಗದೋಷ’ ಎಂಬೆರಡು ಪದಗಳಲ್ಲಿಯೂ ಒಂದೇ ‘ದೋಷ’ ಇರುವುದು ಗಮನಾರ್ಹ. ಒಂದು ಕಣ್ಣಿನ ಸ್ಥಿತಿಯನ್ನು ಹೇಳುವ ಮಾತು, ಇನ್ನೊಂದು ಪಾಪದ ನೆನಪನ್ನು ತರುವ ಮಾತು. ಆಡುನುಡಿಯಲ್ಲಿ ಇವುಗಳ ನಡುವಣ ಗೆರೆ ಅಳಿಸಿಹೋದಾಗ ಮಗುವಿನ ಕಣ್ಣು ಕುಟುಂಬದ ಅಪರಾಧವಾಗಿಬಿಡುತ್ತದೆ. ವೈದ್ಯಕೀಯವು ಇಂದು ಜನ್ಮಜಾತ ಪೊರೆ, ಎ ಜೀವಸತ್ವದ ಕೊರತೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ವಿಕಾರ ಮುಂತಾದ ಕಾರಣಗಳನ್ನು ಸ್ಪಷ್ಟವಾಗಿ ಗುರುತಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಯೋಜನೆಯು ಕರ್ನಾಟಕದ ಗ್ರಾಮೀಣ ಭಾಗದ ಅಂಥ ಶಿಶುಗಳ ಕಣ್ಣನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ರೂಪಿಸಿತು. ಆದರೂ ಅಂಬಿಕೆಯ ಕಥೆಗೆ ಇರುವ ಪ್ರಸಾರ ಈ ತಿಳಿವಿಗೆ ಇನ್ನೂ ದೊರೆತಿಲ್ಲ.

ಮಹಾಕಾವ್ಯವೇ ಈ ಸಮೀಕರಣವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಉದ್ಯೋಗಪರ್ವದಲ್ಲಿ ನಿದ್ದೆಗೆಟ್ಟ ಅರಸನಿಗೆ ವಿದುರ ರಾತ್ರಿಯಿಡೀ ನೀತಿ ಹೇಳುತ್ತಾನೆ. ಅವನ ಆಕ್ಷೇಪಣೆಯ ಗುರಿ ಅಣ್ಣನ ಕಣ್ಣಲ್ಲ, ಪುತ್ರವ್ಯಾಮೋಹ. ಆದಿಪರ್ವದಲ್ಲಿ ಭೀಷ್ಮನ ಪಾಲನೆಯಲ್ಲಿ ಮೂವರು ಸೋದರರೂ ಶಿಕ್ಷಣ ಪಡೆಯುತ್ತಾರೆ, ದೇಹಬಲದಲ್ಲಿ ಧೃತರಾಷ್ಟ್ರನೇ ಮಿಗಿಲೆನಿಸುತ್ತಾನೆ. ಸಮರ್ಥನಾದ ಅಂಧ ಬಾಲಕನೊಬ್ಬನ ಕ್ಷಣಿಕ ಚಿತ್ರ ಅಲ್ಲಿದೆ. ಪರಂಪರೆ ಅದನ್ನು ಮರೆತು, ಆ ಬಲವನ್ನು ಕಬ್ಬಿಣದ ಭೀಮನನ್ನು ಪುಡಿಗೈದ ‘ಧೃತರಾಷ್ಟ್ರಾಲಿಂಗನ’ವಾಗಿ ಮಾತ್ರ ನೆನಪಿಟ್ಟುಕೊಂಡಿತು.

ಕನ್ನಡದ ನುಡಿಗಟ್ಟುಗಳು ಇದೇ ಜಾಡಿನಲ್ಲಿ ಸಾಗಿವೆ. ‘ಜಾಣಗುರುಡು’, ‘ಕುರುಡು ನಂಬಿಕೆ’, ‘ಕುರುಡನ ಮುಂದೆ ಕನ್ನಡಿ’ ಇವೆಲ್ಲವೂ ಕಾಣದಿರುವುದನ್ನು ಅರಿಯದಿರುವುದಕ್ಕೆ ಸಮನಾಗಿಸುತ್ತವೆ. ಅಂಧಗಜನ್ಯಾಯದ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಆನೆಯ ಒಂದೊಂದು ಅಂಗವನ್ನು ಮುಟ್ಟಿದ ಕುರುಡರು ಅದನ್ನೇ ಆನೆಯೆಂದು ವಾದಿಸಿದರಂತೆ. ದೃಷ್ಟಾಂತದ ಆಶಯ ತಾತ್ತ್ವಿಕವಾದುದೇ ಸರಿ. ಆದರೆ ಅದು ಸ್ಪರ್ಶವನ್ನು ಅಜ್ಞಾನದ ಗುರುತಾಗಿಸುತ್ತದೆ. ವಾಸ್ತವದಲ್ಲಿ ತರಬೇತಿ ಪಡೆದ ಅಂಧ ಬಾಲೆಯೊಬ್ಬಳು ಸೊಂಡಿಲಿಗೆ ನಿಲ್ಲುವುದಿಲ್ಲ. ಸುತ್ತಲೂ ನಡೆದು ಭಾಗದಿಂದ ಪೂರ್ಣಕ್ಕೆ ಕೈಯನ್ನು ಒಯ್ಯುತ್ತಾಳೆ. ನ್ಯಾಯದ ಕುರುಡರಿಗೆ ಕೊರತೆಯಾದದ್ದು ಕಣ್ಣಲ್ಲ, ಸುತ್ತಿ ಬರುವ ಅಭ್ಯಾಸ.

ದೋಷದ ಕಥನಕ್ಕೆ ಎದುರಾಗಿ ಕನ್ನಡದಲ್ಲಿ ಪವಾಡದ ಕಥನವೊಂದಿದೆ. ಹೊರಗಣ್ಣು ಹೋದವನಿಗೆ ಒಳಗಣ್ಣು ತೆರೆಯಿತು ಎಂಬುದು ಅದರ ಸೂತ್ರ. ಪಂಚಾಕ್ಷರಿ ಗವಾಯಿ (1892–1944) ಹಾಗೂ ಪುಟ್ಟರಾಜ ಗವಾಯಿ (1914–2010) ಅವರನ್ನು ಕುರಿತ ಬರಹಗಳು ಬಹುಮಟ್ಟಿಗೆ ಈ ಸೂತ್ರವನ್ನು ಅನುಸರಿಸುತ್ತವೆ. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ 1995ರ ಚಲನಚಿತ್ರದ ಶೀರ್ಷಿಕೆಯೂ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಎಂದೇ ಇದೆ. ‘ಯೋಗಿ’ ಎಂಬ ವಿಶೇಷಣದಲ್ಲಿ ಜನತೆಯ ಗೌರವ ನಿಜವಾಗಿಯೂ ಇದೆ. ಆದರೆ ಅದರ ಪ್ರಭೆಯಲ್ಲಿ ಬಾಲಕನು ಪಟ್ಟ ಶ್ರಮ ಮಸುಕಾಗುತ್ತದೆ. ಪವಾಡವನ್ನು ಪೂಜಿಸಬಹುದು. ಅದನ್ನು ಇನ್ನೊಂದು ಮಗುವಿಗೆ ಕಲಿಸಲು ಬಾರದು.

ಚರಿತ್ರೆಯ ಸಂಗತಿಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಎಂಬ ಅಂಧ ಬಾಲಕ ಪಂಚಾಕ್ಷರಿ ಗವಾಯಿಯಾಗಿ ರೂಪುಗೊಂಡದ್ದು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯ ಹಾಗೂ ಗುರುಗಳ ಬಳಿ ನಡೆದ ದೀರ್ಘಕಾಲದ ಅಭ್ಯಾಸದಿಂದ. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಅವರು ಕಲಿತರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಪುಟ್ಟಯ್ಯನ ಬೆರಳುಗಳಿಗೆ ಮೊದಲು ಸಿಕ್ಕಿದ್ದು ಸೋದರಮಾವನ ಹಾರ್ಮೋನಿಯಂ. ಅದನ್ನು ಗಮನಿಸಿದ ಮಾವ ಬಾಲಕನನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದರು. ಒಂದು ವಾದ್ಯ, ಗಮನಿಸುವ ಒಬ್ಬ ಹಿರಿಯ, ತಾನೂ ಅಂಧನಾದ ಗುರು, ಜೊತೆಗೆ ಕಲಿಯುವ ಮಕ್ಕಳು: ಆತ್ಮವಿಶ್ವಾಸದ ಸಾಮಗ್ರಿ ಇದಿಷ್ಟೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹಿರಿಮೆ ಇರುವುದು ಈ ಸಾಮಗ್ರಿಯನ್ನು ಪರಂಪರೆಯಾಗಿಸಿದ್ದರಲ್ಲಿ. ಅಂಧ ಗುರುವಿನ ಸನ್ನಿಧಿಯಲ್ಲಿ ಮಗುವಿಗೆ ತನ್ನ ಭವಿಷ್ಯದ ಸಾಧ್ಯತೆ ದನಿಯಾಗಿ ಕೇಳಿಸುತ್ತಿತ್ತು.

ಅಕ್ಷರದ ಮಾತೂ ಇದೇ ಬಗೆಯದು. ಬಾಲ್ಯದಲ್ಲಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದಾಗ, 1824ರಲ್ಲಿ, ಆತನ ವಯಸ್ಸು 15. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಕನ್ನಡದ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಕಾಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟುವುದಿಲ್ಲ. ‘ಶಕ್ತಿ’ ಎಂಬ ಪದವು ಶ, ಸಂಯುಕ್ತಸೂಚಕ ಚುಕ್ಕೆ, ಕ, ತ, ಇ ಎಂದು ಐದು ಮನೆಗಳಲ್ಲಿ ಒಂದೇ ಸಾಲಿನಲ್ಲಿ ಹರಿಯುತ್ತದೆ. ಚೌಕಟ್ಟು ಮತ್ತು ಮೊನೆಗಡ್ಡಿ ಹಿಡಿದು ಬರೆಯುವ ಮಗು ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದುತ್ತದೆ. ಪ್ರತಿ ಅಕ್ಷರದ ಕನ್ನಡಿಬಿಂಬವನ್ನು ಮನಸ್ಸಿನಲ್ಲಿ ಹಿಡಿದಿಡುವ ಈ ಬೌದ್ಧಿಕ ಸಾಹಸದ ಮುಂದೆ ‘ಕುರುಡನ ಮುಂದೆ ಕನ್ನಡಿ’ ಎಂಬ ಗಾದೆ ಅರ್ಥ ಕಳೆದುಕೊಳ್ಳುತ್ತದೆ.

ಗದುಗಿನ ಮಾದರಿಯನ್ನೇ ಏಕೈಕ ಮಾದರಿಯಾಗಿಸುವುದರಲ್ಲಿಯೂ ಅಪಾಯವಿದೆ. ಕಣ್ಣಿಲ್ಲದ ಮಗು ಹಾಡಲೇಬೇಕೆಂಬ ನಿರೀಕ್ಷೆ ಇನ್ನೊಂದು ಬಗೆಯ ಬೇಲಿ. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿ, ಅಲ್ಲಿನ ಅಂಧರ ಶಾಲೆಯಲ್ಲಿ ಕ್ರಿಕೆಟ್ ಕಲಿತ ಶೇಖರ್ ನಾಯ್ಕ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ತಂಡದ ನಾಯಕರಾಗಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಆಟದ ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳಿರುತ್ತವೆ, ಬೌಲರನು ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾನೆ. ಇಲ್ಲಿ ಯಾರೂ ಯೋಗಿಯಾಗಬೇಕಿಲ್ಲ. ನಿಯಮವನ್ನು ಕಿವಿಗೆ ಹೊಂದಿಸಿದ್ದೇ ಸಾಕಾಗಿದೆ. ಬದಲಾದದ್ದು ಮಗುವಲ್ಲ, ಆಟದ ಏರ್ಪಾಡು.

ಅಂಧತ್ವದ ರೂಪಕಗಳನ್ನು ಕಾವ್ಯದಿಂದ ಹೊರಹಾಕಬೇಕೆಂಬುದು ಈ ವಾದದ ತಾತ್ಪರ್ಯವಲ್ಲ. ರೂಪಕವಿಲ್ಲದೆ ಕಾವ್ಯವಿಲ್ಲ. ಆದರೆ ರೂಪಕವೇ ಮಗುವಿನ ಏಕೈಕ ಚಿತ್ರವಾಗಿ ನಿಂತಾಗ ವಿಮರ್ಶೆ ಎಚ್ಚರಗೊಳ್ಳಬೇಕಾಗುತ್ತದೆ. ದೋಷದ ಕಥನ ಮಗುವನ್ನು ಕೆಳಗಿಳಿಸುತ್ತದೆ, ಪವಾಡದ ಕಥನ ಮೇಲೇರಿಸುತ್ತದೆ. ಇಬ್ಬರ ಕೈಯಲ್ಲಿಯೂ ಮಗು ನೆಲದ ಮೇಲೆ ನಡೆಯುವುದಿಲ್ಲ. ಆದ್ದರಿಂದ ಅಂಧಬಾಲ್ಯವನ್ನು ಚಿತ್ರಿಸುವ ಯಾವುದೇ ಕೃತಿಗೆ ಹಾಕಬೇಕಾದ ಪ್ರಶ್ನೆಗಳು ಸರಳವಾಗಿವೆ. ಈ ಮಗುವಿನ ಕೈಗೆ ಏನು ಸಿಕ್ಕಿದೆ? ಕಲಿಸುವವರು ಯಾರು? ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಅದಕ್ಕೆ ಉಂಟೇ? ಇವುಗಳಿಗೆ ಉತ್ತರ ಕೊಡುವ ಕೃತಿಯಲ್ಲಿ ಕರುಣೆ, ಬೆರಗು ಎರಡೂ ತಮ್ಮ ಮಿತಿಯಲ್ಲಿ ಇರುತ್ತವೆ, ಮಗು ಪಾತ್ರವಾಗಿ ಉಳಿಯುತ್ತದೆ. ಕನ್ನಡ ವಿಮರ್ಶೆಯು ಜಾತಿ, ಲಿಂಗ, ವರ್ಗಗಳ ನೆಲೆಯಿಂದ ಪಠ್ಯಗಳನ್ನು ಮರಳಿ ಓದಿದಷ್ಟು ಶ್ರದ್ಧೆಯಿಂದ ಅಂಗವೈಕಲ್ಯದ ನೆಲೆಯಿಂದಲೂ ಓದಬೇಕಾದ ಕೆಲಸ ಇಲ್ಲಿಂದ ಮುಂದುವರಿಯಬೇಕಾಗಿದೆ.