ಐದನೇ ಗೇರಿನ ಆಸೆ, ಎರಡನೇ ಗೇರಿನ ಬೆಲೆ

ಇಂಗ್ಲೆಂಡಿನಲ್ಲಿ ಮಾರಿಸ್ ಮೈನರ್ ಇಟ್ಟುಕೊಂಡವರಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ: ನಾಲ್ಕು ಗೇರಿನ ಹಳೆಯ ಗೇರ್‌ಬಾಕ್ಸ್ ಇಳಿಸಿ ಫೋರ್ಡ್ ಸಿಯೆರಾದ ಐದು ಗೇರಿನ ‘ಟೈಪ್ 9’ ಕೂರಿಸಬೇಕು. ಹೇಗೂ ಕೈಹಾಕಿದ್ದಾಯಿತಲ್ಲ ಎಂದು ಹಿಂದಿನ ಡಿಫರೆನ್ಶಿಯಲ್ಲನ್ನೂ ತೆಗೆದು ಎಂ.ಜಿ. ಮಿಜೆಟ್‌ ಕಾರಿನ 3.9 ಅನುಪಾತದ್ದನ್ನು ಹಾಕಿಬಿಡುತ್ತಾರೆ. ಮೋಟಾರ್‌ವೇಯಲ್ಲಿ ಎಂಜಿನ್ನಿನ ಅರಚಾಟ ನಿಲ್ಲಲಿ ಎಂಬುದು ಉದ್ದೇಶ. ಆಸೆ ನ್ಯಾಯವಾದದ್ದೇ. ಆದರೆ ಮೂಲ ಎಂಜಿನ್ ಉಳಿಸಿಕೊಂಡು ಎರಡನ್ನೂ ಒಟ್ಟಿಗೆ ಮಾಡಿದರೆ ಕಾರು ಕೆಡುತ್ತದೆ. ಇದು ನನ್ನ ಖಚಿತ ಅಭಿಪ್ರಾಯ.

ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಬಂತು, 1971ರವರೆಗೆ ತಯಾರಾಯಿತು. 1956ರಲ್ಲಿ 948 ಸಿ.ಸಿ. ಎಂಜಿನ್ ಬಂದಾಗ ಡಿಫರೆನ್ಶಿಯಲ್ ಅನುಪಾತ 4.55 ಇತ್ತು, 1962ರಲ್ಲಿ 1098 ಸಿ.ಸಿ. ಬಂದಾಗ ಅದು 4.22 ಆಯಿತು. ಡಿಫರೆನ್ಶಿಯಲ್ ಒಳಗಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ನಿಗೆ 9 ಹಲ್ಲು, ಅದು ತಿರುಗಿಸುವ ದೊಡ್ಡ ಕ್ರೌನ್ ವೀಲಿಗೆ 38. ಭಾಗಿಸಿ ನೋಡಿ, 4.22 ಬರುತ್ತದೆ. 9 ಮತ್ತು 38ಕ್ಕೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನ್ ವೀಲಿನ ಪ್ರತಿ ಹಲ್ಲನ್ನೂ ಸರದಿಯಂತೆ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಒಟ್ಟಿಗೆ ಸವೆದ ಇವೆರಡನ್ನು ಬೇರ್ಪಡಿಸಿ ಬೇರೆ ಜೊತೆಗೆ ಹೊಂದಿಸಲು ಹೋದರೆ ಡಿಫರೆನ್ಶಿಯಲ್ ಗೋಳಿಡುತ್ತದೆ. ಕೊಂಡರೆ ಜೋಡಿಯಾಗಿಯೇ ಕೊಳ್ಳಬೇಕು.

ಕಾರ್ಖಾನೆಯವರು ಈ ಸಂಖ್ಯೆಗಳನ್ನು ಎಷ್ಟು ಯೋಚಿಸಿ ಆರಿಸಿದ್ದರೆಂದು ಲೆಕ್ಕ ಹಾಕಿದಾಗಲೇ ತಿಳಿಯುವುದು. 14 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ ಎಂದಿಟ್ಟುಕೊಳ್ಳೋಣ. 948 ಸಿ.ಸಿ. ಕಾರಿನ ಗರಿಷ್ಠ ವೇಗ ಸುಮಾರು 115 ಕಿ.ಮೀ. ಆ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 4,850 ಸುತ್ತು ತಿರುಗುತ್ತಿರುತ್ತದೆ. ಅದರ ಪೂರ್ತಿ ಶಕ್ತಿ, ಅಂದರೆ 37 ಅಶ್ವಶಕ್ತಿ, ಹುಟ್ಟುವುದು 4,750ರಲ್ಲಿ. 1098 ಸಿ.ಸಿ. ಕಾರು 120ರಲ್ಲಿ ಓಡುವಾಗ ಎಂಜಿನ್ 4,700ರ ಆಸುಪಾಸಿನಲ್ಲಿರುತ್ತದೆ. ಅದರ 48 ಅಶ್ವಶಕ್ತಿ 5,100ರಲ್ಲಿ ಸಿಗುತ್ತದೆ. ಇರುವ ಅಲ್ಪ ಶಕ್ತಿಯಲ್ಲಿ ಒಂದು ಚೂರೂ ಪೋಲಾಗದ ಹಾಗೆ ಟಾಪ್ ಗೇರನ್ನು ಹೊಂದಿಸಿದ್ದಾರೆ. ನಾನು ಇದನ್ನು ಮೆಚ್ಚಿಕೊಂಡೇ ಮುಂದಿನ ಮಾತು ಹೇಳುತ್ತಿದ್ದೇನೆ.

ಈಗ ಬದಲಾವಣೆಯ ಲೆಕ್ಕ. 4.22 ಇರುವ ಕಾರು ಗಂಟೆಗೆ 100 ಕಿ.ಮೀ. ಓಡುವಾಗ ಎಂಜಿನ್ 3,900 ಸುತ್ತು ತಿರುಗುತ್ತದೆ. ಟೈಪ್ 9ರ ಐದನೇ ಗೇರು 0.82; ಅದೊಂದನ್ನೇ ಸೇರಿಸಿದರೆ ಸುತ್ತು 3,200ಕ್ಕೆ ಇಳಿಯುತ್ತದೆ. ಕಿವಿಗೆ ಇದು ದೊಡ್ಡ ಬಿಡುಗಡೆ. ಅದರ ಮೇಲೆ 3.9 ಡಿಫರೆನ್ಶಿಯಲ್ಲೂ ಬಂದರೆ 2,970. ಇನ್ನೂ ಚೆನ್ನಾಯಿತಲ್ಲ ಎನಿಸಬಹುದು. ಆದರೆ ಆ ಜೋಡಿಯಲ್ಲಿ ಎಂಜಿನ್ 5,100 ಮುಟ್ಟಬೇಕಾದರೆ ಕಾರು 170 ಕಿ.ಮೀ. ದಾಟಿರಬೇಕು. 48 ಅಶ್ವಶಕ್ತಿಯ ಮೈನರ್ ಅದನ್ನು ಕನಸಿನಲ್ಲೂ ಕಾಣಲಾರದು. ಸ್ವಲ್ಪ ಏರು ಬಂದರೆ, ಎದುರುಗಾಳಿ ಬೀಸಿದರೆ, ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಎಂಜಿನ್ ಎಳೆಯುವುದಿಲ್ಲ. ಮತ್ತೆ ನಾಲ್ಕಕ್ಕೆ ಇಳಿಯಬೇಕು.

ನಿಜವಾದ ನಷ್ಟವಾಗುವುದು ಕೆಳಗಿನ ಗೇರುಗಳಲ್ಲಿ. ಎಲ್ಲರೂ ಐದನೆಯದನ್ನೇ ನೋಡುತ್ತಾ ಎರಡನೆಯದನ್ನು ಮರೆಯುತ್ತಾರೆ. ಟೈಪ್ 9ರ ಮೊದಲ ಗೇರು 3.65, ಎರಡನೆಯದು 1.97. ಅದು ಭಾರದ ಸಿಯೆರಾಗೆ, ದೊಡ್ಡ ಎಂಜಿನ್ನಿಗೆ ಮಾಡಿದ ಹೊಂದಿಕೆ. ಈ ಎರಡರ ನಡುವಿನ ಕಂದಕವನ್ನು ಅಲ್ಲಿ ಎಂಜಿನ್ನೇ ತುಂಬಿಕೊಡುತ್ತಿತ್ತು. ಮೈನರ್‌ನಲ್ಲಿ 3,000ಕ್ಕೆ ಗೇರು ಬದಲಿಸಿದರೆ ಎಂಜಿನ್ 1,620ಕ್ಕೆ ಕುಸಿಯುತ್ತದೆ. 2.17 ಇದ್ದ ಹಳೆಯ ಎರಡನೇ ಗೇರಿನಲ್ಲಿ ಅದು 1,800ರ ಹತ್ತಿರ ನಿಲ್ಲುತ್ತಿತ್ತು. ಈ ಎಂಜಿನ್ನಿನ ಎಳೆತ ಅತಿ ಹೆಚ್ಚಿರುವುದು 2,500ರಲ್ಲಿ. ಡಿಫರೆನ್ಶಿಯಲ್ಲನ್ನೂ 3.9 ಮಾಡಿದರೆ ಎರಡನೇ ಗೇರಿನ ಒಟ್ಟು ಅನುಪಾತ 9.2ರಿಂದ 7.7ಕ್ಕೆ ಬೀಳುತ್ತದೆ, ಚಕ್ರಕ್ಕೆ ಸಿಗುವ ಎಳೆತದಲ್ಲಿ ನೂರಕ್ಕೆ 16 ಹೋಯಿತು. ಏರಿನ ತಿರುವಿನಲ್ಲಿ ಮೊದಲನೆಯದು ಅತಿ ಗಿಡ್ಡ, ಎರಡನೆಯದು ಅತಿ ಉದ್ದ. ಚಾಲಕ ಎರಡರ ನಡುವೆ ಸಿಕ್ಕಿಕೊಂಡು ಕ್ಲಚ್ ಸುಡುತ್ತಾನೆ. ಮೈನರ್ ನಮ್ಮ ದೇಶಕ್ಕೆ ‘ಬೇಬಿ ಹಿಂದೂಸ್ತಾನ್’ ಆಗಿ ಬಂದಿತ್ತು. ಅದನ್ನು ಇಂದಿಗೂ ಜೋಪಾನ ಮಾಡಿಕೊಂಡಿರುವವರು ಈ ಜೋಡಿ ಹಾಕಿಸಿ ಆಗುಂಬೆ ಘಾಟಿ ಹತ್ತುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಸ್ಪೀಡೋಮೀಟರ್ ಲೆಕ್ಕ ಹಿಡಿಯುವುದು ಗೇರ್‌ಬಾಕ್ಸಿನಿಂದ, ಚಕ್ರದಿಂದಲ್ಲ. 4.22ರ ಜಾಗಕ್ಕೆ 3.9 ಬಂದು ಮೀಟರ್ ಹಾಗೇ ಉಳಿದರೆ, ಕಾರು 100ರಲ್ಲಿ ಓಡುವಾಗ ಮುಳ್ಳು 93ರ ಕೆಳಗೇ ಇರುತ್ತದೆ. ಡ್ರಮ್ ಬ್ರೇಕಿನ ಕಾರಿನಲ್ಲಿ ಇದು ಸಣ್ಣ ತಪ್ಪಲ್ಲ.

ನನ್ನ ತೀರ್ಪು ಇಷ್ಟು. 948 ಸಿ.ಸಿ. ಕಾರಿದ್ದರೆ ಮತ್ತು ಹೆಚ್ಚು ಓಡಾಟ ಸಮತಟ್ಟಿನಲ್ಲಿದ್ದರೆ 4.55 ತೆಗೆದು 4.22 ಹಾಕಿಸಿ, ಗೇರ್‌ಬಾಕ್ಸ್ ಮುಟ್ಟಬೇಡಿ. 1098 ಇದ್ದರೆ ಎರಡರಲ್ಲಿ ಒಂದನ್ನು ಆರಿಸಿ: ಹಳೆಯ ಗೇರ್‌ಬಾಕ್ಸಿಗೆ 3.9, ಇಲ್ಲವೇ ಐದು ಗೇರಿಗೆ 4.22. ಎರಡೂ ಬೇಕೆನ್ನುವವರು ಮೊದಲು 1275 ಸಿ.ಸಿ. ಎಂಜಿನ್ ಹುಡುಕಲಿ. ಮೈನರ್‌ನದೇ ಮರದ ಚೌಕಟ್ಟಿನ ಭಾರದ ಮಾದರಿಯಾದ ಟ್ರಾವೆಲರ್‌ಗಂತೂ 4.22ನ್ನು ಬಿಡಲೇಬೇಡಿ.

ಕೊಳ್ಳುವ ಮುನ್ನ ನಿಮ್ಮ ಕಾರಿನಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡೆ ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಆ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಎಂದು ಎಣಿಸಿ. ನಾಲ್ಕೂವರೆಗಿಂತ ತುಸು ಹೆಚ್ಚು ಬಂದರೆ ಒಳಗಿರುವುದು 4.55, ನಾಲ್ಕೂಕಾಲಿಗೆ ತುಸು ಕಡಿಮೆ ಬಂದರೆ 4.22.