ನಿರ್ಣಯದ ಭಾರ: ‘ಸ್ಟೈನ್ಸ್;ಗೇಟ್’ ಆಟವೂ ಅದರ ಅನಿಮೆ ರೂಪಾಂತರವೂ

ಒಂದು ಮಾಧ್ಯಮದಲ್ಲಿ ಹುಟ್ಟಿದ ಕಥೆ ಮತ್ತೊಂದು ಮಾಧ್ಯಮಕ್ಕೆ ಹೋದಾಗ ವಿಮರ್ಶಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಮೂಲದಲ್ಲಿದ್ದುದರಲ್ಲಿ ಎಷ್ಟು ಉಳಿಯಿತು, ಎಷ್ಟು ಅಳಿಯಿತು? ಜಪಾನಿನ ವಿಡಿಯೋ ಗೇಮುಗಳನ್ನು ಆಧರಿಸಿದ ಅನಿಮೆ ಮಾಲಿಕೆಗಳ ವಿಷಯದಲ್ಲಂತೂ ಈ ಜಮಾಖರ್ಚಿನ ಲೆಕ್ಕವೇ ವಿಮರ್ಶೆಯೆನಿಸಿಕೊಂಡಿದೆ. ಬಿಟ್ಟುಹೋದ ಸನ್ನಿವೇಶಗಳ ಪಟ್ಟಿಯನ್ನು ಎಷ್ಟು ಉದ್ದ ಬೆಳೆಸಿದರೂ ಅದರಿಂದ ತಿಳಿಯುವುದು ಅಲ್ಪ. ಕಾದಂಬರಿಗೂ ಚಲನಚಿತ್ರಕ್ಕೂ ಇರುವ ಅಂತರವೇ ಬೇರೆ, ಆಟಕ್ಕೂ ಅನಿಮೆಗೂ ಇರುವ ಅಂತರವೇ ಬೇರೆ. ಕಾದಂಬರಿಯ ವಾಚಕನೂ ಚಿತ್ರದ ಪ್ರೇಕ್ಷಕನೂ ಮೊದಲೇ ತೀರ್ಮಾನವಾಗಿಹೋದ ಕಥೆಯ ಮುಂದೆ ಕುಳಿತವರು. ಆಟದಲ್ಲಿಯಾದರೋ ಕಥೆಯೇ ಆಡುವವನ ಕೈಗಾಗಿ ಕಾಯುತ್ತದೆ. ಆ ಕೈಯ ಕೆಲಸವನ್ನು ರೂಪಾಂತರಕಾರರು ಯಾರಿಗೆ ವಹಿಸಿದರು ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ. ಅದಕ್ಕೆ ‘ಸ್ಟೈನ್ಸ್;ಗೇಟ್’ಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಚಿಯೋಮಾರು ಶಿಕುರ ಅವರ ಕಲ್ಪನೆಯಲ್ಲಿ ಮೂಡಿ, ಮುಖ್ಯವಾಗಿ ನಾವೊತಾಕ ಹಯಾಶಿ ಅವರ ಬರವಣಿಗೆಯಲ್ಲಿ ಬೆಳೆದ ಈ ಆಟ 2009ರ ಅಕ್ಟೋಬರಿನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕಾಗಿ ಹೊರಬಂದಿತು. ಇದು ವಿಷುಯಲ್ ನಾವೆಲ್ ಎಂಬ ಪ್ರಕಾರಕ್ಕೆ ಸೇರಿದ್ದು. ತೆರೆಯ ಮೇಲೆ ಬಹುಮಟ್ಟಿಗೆ ನಿಶ್ಚಲವಾದ ಚಿತ್ರ, ಕೆಳಗೆ ಅಕ್ಷರಗಳು, ಜೊತೆಗೆ ನಟರ ಧ್ವನಿ. ನಮ್ಮ ಆಲಂಕಾರಿಕರ ಶ್ರವ್ಯ, ದೃಶ್ಯ ಎಂಬ ವಿಭಾಗದಲ್ಲಿ ಇದು ಎರಡರ ನಡುವೆ ನಿಲ್ಲುತ್ತದೆ. ಓದುವುದೇ ಇಲ್ಲಿಯ ಆಟ.

ಕಥೆ ನಡೆಯುವುದು 2010ರ ಬೇಸಿಗೆಯಲ್ಲಿ, ತೋಕಿಯೋ ನಗರದ ಅಕಿಹಬರದಲ್ಲಿ. ತನ್ನನ್ನು ತಾನು ಹುಚ್ಚು ವಿಜ್ಞಾನಿಯೆಂದು ಕರೆದುಕೊಳ್ಳುವ ಒಕಾಬೆ ರಿಂತಾರೊ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ ಮೈಕ್ರೋವೇವ್ ಒಲೆಗೆ ಮೊಬೈಲ್ ಫೋನನ್ನು ಜೋಡಿಸಿ ಮಾಡಿದ ಯಂತ್ರ, ಅವರಿಗೇ ಅರಿವಿಲ್ಲದೆ, ಗತಕಾಲಕ್ಕೆ ಸಂದೇಶ ಕಳಿಸತೊಡಗುತ್ತದೆ. ಒಂದು ಸಂದೇಶಕ್ಕೆ 36 ಬೈಟುಗಳ ಮಿತಿ. ಜಪಾನೀ ಲಿಪಿಯಲ್ಲಿ 18 ಅಕ್ಷರ. ಸೂತ್ರಕಾರರೂ ಮೆಚ್ಚಬಹುದಾದ ಮಿತವ್ಯಯ! ಇಷ್ಟು ಚಿಕ್ಕ ಮಾತಿನಿಂದ ಒಬ್ಬಳ ಸತ್ತ ತಂದೆ ಬದುಕುತ್ತಾನೆ. ಗಂಡಾಗಿ ಹುಟ್ಟಿದ್ದ ರುಕಾ ಹೆಣ್ಣಾಗಿ ಹುಟ್ಟಿದವಳಾಗುತ್ತಾಳೆ. ಬದಲಾದುದರ ನೆನಪು ಒಕಾಬೆಗೊಬ್ಬನಿಗೇ. ಅನಂತರ ಅವನ ಬಾಲ್ಯದ ಗೆಳತಿ ಮಯೂರಿ ಕೊಲೆಯಾಗುತ್ತಾಳೆ (ಹೆಸರು ಕನ್ನಡದ ಕಿವಿಗೆ ಪರಿಚಿತವೆನಿಸಿದರೂ ಸಂಬಂಧವೇನೂ ಇಲ್ಲ). ಎಷ್ಟು ಸಲ ಹಿಂದಕ್ಕೆ ಹೋಗಿ ತಡೆದರೂ ಆ ಸಾವು ಬೇರೊಂದು ವೇಷದಲ್ಲಿ ಬಂದೇ ಬರುತ್ತದೆ. ಅವಳು ಉಳಿಯಬೇಕಾದರೆ, ಕಳಿಸಿದ ಸಂದೇಶಗಳನ್ನು ಒಂದೊಂದಾಗಿ ರದ್ದುಮಾಡುತ್ತ ಹೋಗಬೇಕು. ಎಂದರೆ ಈಡೇರಿದ ಒಂದೊಂದು ಆಸೆಯನ್ನೂ ಕಿತ್ತುಕೊಳ್ಳಬೇಕು.

ಇಲ್ಲಿ ಆಟದ ರಚನಾಕೌಶಲವನ್ನು ಗಮನಿಸಬೇಕು. ಈ ಪ್ರಕಾರದ ಇತರ ಆಟಗಳಲ್ಲಿ ಕಥೆ ಕವಲೊಡೆಯುವೆಡೆ ತೆರೆಯ ಮೇಲೆ ಎರಡು ಮೂರು ವಾಕ್ಯಗಳು ಮೂಡಿ, ಒಂದನ್ನು ಆರಿಸೆನ್ನುತ್ತವೆ. ‘ಸ್ಟೈನ್ಸ್;ಗೇಟ್’ನಲ್ಲಿ ಅಂಥ ಪಟ್ಟಿಯಿಲ್ಲ. ಇರುವುದು ಒಕಾಬೆಯ ಮಡಚುವ ಫೋನು ಮಾತ್ರ. ಬಂದ ಕರೆಗೆ ಓಗೊಡಬಹುದು, ಸುಮ್ಮನಿರಬಹುದು. ಬಂದ ಸಂದೇಶದಲ್ಲಿ ಗುರುತುಮಾಡಿದ ಒಂದು ಪದವನ್ನು ಹಿಡಿದು ಉತ್ತರ ಬರೆಯಬಹುದು. ಬಹುಪಾಲು ಉತ್ತರಗಳಿಂದ ಕಥೆಯ ಗತಿಯೇನೂ ಬದಲಾಗದು. ತಾಳಮದ್ದಳೆಯ ಅರ್ಥಧಾರಿ ಎಷ್ಟು ಬಗೆಯಾಗಿ ವಾದಿಸಿದರೂ ಪ್ರಸಂಗದ ಮುಕ್ತಾಯ ಬದಲಾಗದಂತೆ ಇದು. ಆದರೆ ರದ್ದುಮಾಡುವ ಸಂದೇಶದ ಘಟ್ಟ ಬಂದಾಗ ಅದೇ ಫೋನು, ಅದೇ ಗುಂಡಿ, ಬೇರೆಯೇ ಒಂದು ಭಾರವನ್ನು ಪಡೆಯುತ್ತದೆ. ಆಡುವವನು ಕಳಿಸಲೂಬಹುದು, ಕಳಿಸದಿರಲೂಬಹುದು.

ಕಳಿಸದಿದ್ದರೆ ಏನಾಗುತ್ತದೆಂಬುದನ್ನು ಆಟ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಭವಿಷ್ಯದಿಂದ ಬಂದ ಸುಜುಹಾ 1975ಕ್ಕೆ ಹೋಗಿ ಸೋತಳೆಂದು ಅವಳ ಪತ್ರದಿಂದ ತಿಳಿಯುತ್ತದೆ. ಆ ಸೋಲನ್ನು ಅಳಿಸಬೇಕಾದರೆ ಅವಳು ತಂದೆಯನ್ನು ಕಂಡ ದಿನವನ್ನೂ ಅಳಿಸಬೇಕು. ಒಕಾಬೆ ಹಿಂಜರಿದರೆ ಅದೇ ಎರಡು ದಿನಗಳನ್ನು ಮತ್ತೆ ಮತ್ತೆ ಬದುಕುತ್ತ ಅವನ ಮನಸ್ಸು ಕಲ್ಲಾಗುತ್ತ ಹೋಗುತ್ತದೆ. ರುಕಾಳ ವಿಷಯದಲ್ಲಿ ಹಿಂಜರಿದರೆ ಮಯೂರಿ ಸಾಯುತ್ತಾಳೆ. ಉಳಿದಿಬ್ಬರೂ ಆ ಪಾಪವನ್ನು ಹಂಚಿಕೊಂಡು ಬದುಕಬೇಕಾಗುತ್ತದೆ. ಹೀಗೆ ಆಟಕ್ಕೆ ಒಟ್ಟು ಆರು ಮುಕ್ತಾಯಗಳು. ಇವುಗಳಲ್ಲಿ ನಿಜವಾದ ಮುಕ್ತಾಯವೆನಿಸಿದ್ದು ಲಭಿಸಬೇಕಾದರೆ, ಕುರಿಸು ಎಂಬ ತರುಣ ವಿಜ್ಞಾನಿ ಆಗಾಗ ಕಳಿಸಿದ ಸಂದೇಶಗಳಿಗೆ ತಕ್ಕ ಉತ್ತರ ಕೊಟ್ಟಿರಬೇಕು. ನಿಷ್ಪ್ರಯೋಜಕವೆಂದು ತೋರಿದ್ದ ಹರಟೆಯೇ ಕಡೆಯಲ್ಲಿ ಒಂದು ಜೀವವನ್ನುಳಿಸುವ ದಾರಿಯಾಗುವುದು ಸೊಗಸಾದ ಕಲ್ಪನೆ. ಆದರೆ ಇದರ ದೌರ್ಬಲ್ಯವೂ ಇಲ್ಲಿಯೇ ಇದೆ. ಯಾರೋ ಬರೆದಿಟ್ಟ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಉತ್ತರಿಸುವವನಿಗೆ ಅದು ಪ್ರೀತಿಯಲ್ಲ, ಅರ್ಜಿ ತುಂಬುವ ಕೆಲಸ.

ವೈಟ್ ಫಾಕ್ಸ್ ಸಂಸ್ಥೆಯ ಅನಿಮೆ 2011ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ 24 ಕಂತುಗಳಲ್ಲಿ ಪ್ರಸಾರವಾಯಿತು. ಹಿರೋಶಿ ಹಮಾಸಾಕಿ ಮತ್ತು ತಾಕುಯಾ ಸಾತೊ ನಿರ್ದೇಶಕರು. ಕಥಾಸಂಯೋಜನೆ ಜುಕ್ಕಿ ಹನಾದ ಅವರದು. ಕವಲುಗಳುಳ್ಳ ಕೃತಿಯನ್ನು ಒಂದೇ ದಾರಿಗೆ ತರುವುದು ಎಷ್ಟು ಕಠಿನವೆಂಬುದಕ್ಕೆ ‘ಫೇಟ್/ಸ್ಟೇ ನೈಟ್’ ಸಾಕ್ಷಿ. 2004ರ ಆ ಆಟದ ಮೂರು ಮಾರ್ಗಗಳಲ್ಲಿ ಮೊದಲನೆಯದನ್ನು ಹಿಡಿದ 2006ರ ಮಾಲಿಕೆ ಉಳಿದೆರಡರ ತುಣುಕುಗಳನ್ನೂ ಬೆರೆಸಿ ಕಲಸುಮೇಲೋಗರವಾಯಿತು. ಆ ಮಾರ್ಗಗಳಿಗೆ ಮುಂದೆ ಬೇರೆ ಬೇರೆ ಕೃತಿಗಳೇ ಬೇಕಾದವು. ಹನಾದ ಅವರ ಸಂಯೋಜನೆ ಹೆಚ್ಚು ವಿವೇಕದ್ದು. ಉಪಮುಕ್ತಾಯಗಳನ್ನು ಕೈಬಿಟ್ಟು, ಆ ಕವಲುಗಳಲ್ಲಿದ್ದ ಪ್ರಲೋಭನೆಯನ್ನು ಒಕಾಬೆಯ ಹಿಂಜರಿಕೆಯಾಗಿ ಅದು ಮಾರ್ಪಡಿಸಿತು. ಆಡುವವನ ಬೆರಳಿನ ಮೇಲಿದ್ದ ಭಾರ ನಾಯಕನ ಮುಖದ ಮೇಲೆ ಬಂದಿತು.

ಈ ಮುಖವೇ ಅನಿಮೆಯ ದೊಡ್ಡ ಲಾಭ. ಆಟದಲ್ಲಿ ಎಲ್ಲವೂ ಒಕಾಬೆಯ ಕಣ್ಣಿನಿಂದ ಕಾಣುತ್ತದೆ, ಅವನ ಮನಸ್ಸಿನ ಮಾತಿನಲ್ಲಿ ನಡೆಯುತ್ತದೆ. ಅವನೇ ಕಾಣುವುದು ಅಪರೂಪ. ಅವನ ಹುಚ್ಚು ವಿಜ್ಞಾನಿಯ ಸೋಗು ಅಲ್ಲಿ ಬರಿಯ ವಾಗಾಡಂಬರ. ಅನಿಮೆಯಲ್ಲಿ ಆ ಸೋಗು ಹೊರಗಿನಿಂದ ಕಾಣುತ್ತದೆ: ಬಿಳಿಯ ನಿಲುವಂಗಿ, ಯಾರೂ ಇಲ್ಲದ ಫೋನಿನಲ್ಲಿ ಆಡುವ ಗುಟ್ಟಿನ ಮಾತು, ಗೆಳೆಯರ ಬೇಸರದ ನೋಟ. ಎರಡೂ ಕಡೆ ಕಂಠ ಮಮೊರು ಮಿಯಾನೊ ಅವರದೇ ಆದರೂ ಅನಿಮೆಯಲ್ಲಿ ಆ ಕಂಠಕ್ಕೆ ಬಾಗಿದ ಬೆನ್ನೂ ಬೆವರಿದ ಹಣೆಯೂ ದೊರೆತಿವೆ. ಮೊದಲ ಕಂತುಗಳು ಮಂದಗತಿಯವೆಂಬ ಆಕ್ಷೇಪವಿದೆ. ಬಣ್ಣ ಬಸಿದುಹೋದಂಥ ಬೀದಿಗಳು, ಕಣ್ಣು ಕುಕ್ಕುವ ಬಿಸಿಲು, ಹೊತ್ತುಹೋಗದ ಹರಟೆ, ಇವೆಲ್ಲ ವ್ಯರ್ಥವೆಂದು ಹೇಳುವವರು ಮಯೂರಿಯ ಮೊದಲ ಸಾವು ಹನ್ನೆರಡನೆಯ ಕಂತಿನ ಕೊನೆಯಲ್ಲಿ, ಎಂದರೆ ಸರಿಯಾಗಿ ಅರ್ಧದಾರಿಯಲ್ಲಿ, ಬರುವುದನ್ನು ಗಮನಿಸಿಲ್ಲ. ಆ ಬೇಸಿಗೆಯ ಆಲಸ್ಯದ ಅನುಭವವಿಲ್ಲದಿದ್ದರೆ, ಒಕಾಬೆ ಅದಕ್ಕೆ ಹಿಂತಿರುಗಲು ಏಕೆ ಹೆಣಗುತ್ತಾನೆಂಬುದು ಪ್ರೇಕ್ಷಕನಿಗೆ ಅರ್ಥವಾಗದು.

ಸುಜುಹಾಳ ಪತ್ರದ ಹದಿನಾರನೆಯ ಕಂತು ಮೂಲಕ್ಕೆ ಸರಿಮಿಗಿಲಾಗಿದೆ. ರುಕಾಳ ಹದಿನೆಂಟನೆಯ ಕಂತನ್ನು ಕುರಿತು ಹಾಗೆ ಹೇಳಲಾಗದು. ಒಬ್ಬ ವ್ಯಕ್ತಿಯ ಅಸ್ತಿತ್ವವನ್ನೇ ಹಿಂದೆಗೆದುಕೊಳ್ಳುವ ಪ್ರಸಂಗ ಅರ್ಧಗಂಟೆಯೊಳಗೆ ಮುಗಿದುಹೋಗುತ್ತದೆ. ಅದರಲ್ಲಿ ಬಹುಭಾಗ ನಗೆಗೆ ಮೀಸಲು. ಆಟದಲ್ಲಿ ಈ ಕೊರತೆಯನ್ನು ತುಂಬುತ್ತಿದ್ದುದು ಆಡುವವನ ಅಳುಕು. ತಾನೇ ಗುಂಡಿ ಒತ್ತಬೇಕೆಂದು ತಿಳಿದವನು ರುಕಾಳ ಮಾತನ್ನು ಬೇರೆ ರೀತಿಯಲ್ಲಿ ಕೇಳುತ್ತಾನೆ. ಪ್ರೇಕ್ಷಕನಿಗೆ ಅಂಥ ನಿರ್ಬಂಧವಿಲ್ಲ. ಅವನು ಮರುಗಬಲ್ಲ, ಅಪರಾಧಿಯಾಗಲಾರ. ಈ ಅಂತರವನ್ನು ಸರಿದೂಗಿಸಲು ಅನಿಮೆಗೆ ಇನ್ನಷ್ಟು ಕಾಲ ಬೇಕಾಗಿತ್ತು.

ಕೈಬಿಟ್ಟ ಕವಲು ಅನಿಮೆಯನ್ನು ಮುಂದೆಯೂ ಕಾಡಿತು. 2015ರ ಮರುಪ್ರಸಾರದಲ್ಲಿ, ಡಿಸೆಂಬರ್ ತಿಂಗಳ ಒಂದು ರಾತ್ರಿ, ಇಪ್ಪತ್ತಮೂರನೆಯ ಕಂತು ಬೇರೆಯೇ ಮುಕ್ತಾಯದೊಡನೆ ಪ್ರಸಾರವಾಯಿತು. ಕುರಿಸುವನ್ನು ಉಳಿಸಲು ಹೋಗಿ ತನ್ನ ಕೈಯಿಂದಲೇ ಅವಳನ್ನು ಇರಿದು ಮರಳಿದ ಒಕಾಬೆ ಮೊದಲ ಪ್ರಸಾರದಲ್ಲಿ ಮತ್ತೆ ಎದ್ದುನಿಂತಿದ್ದ, ಇಲ್ಲಿ ಏಳಲಿಲ್ಲ. ಆ ಕವಲಿನ ಕಥೆಯೇ ಅದೇ ತಿಂಗಳು ಹೊರಬಂದ ‘ಸ್ಟೈನ್ಸ್;ಗೇಟ್ 0’ ಎಂಬ ಆಟ. ಪ್ರೇಕ್ಷಕನಿಗೆ ಆಯ್ಕೆ ಕೊಡಲಾರದ ಮಾಧ್ಯಮ ತಾನೇ ಒಂದು ರಾತ್ರಿ ಬೇರೆ ಆಯ್ಕೆ ಮಾಡಿತು!

2018ರ ‘ಸ್ಟೈನ್ಸ್;ಗೇಟ್ ಎಲೀಟ್’ನಲ್ಲಿ ಈ ಪ್ರಯಾಣ ತಿರುವುಮುರುವಾಯಿತು. ಅನಿಮೆಯ ಚಲಿಸುವ ಚಿತ್ರಗಳಿಂದಲೇ ಆಟವನ್ನು ಮರಳಿ ಕಟ್ಟಿದರು. ಅನಿಮೆ ಕೈಬಿಟ್ಟಿದ್ದ ಮುಕ್ತಾಯಗಳಿಗೆ ಹೊಸ ಚಿತ್ರಗಳನ್ನು ಮಾಡಿಸಿದರು. ಲೆಕ್ಕದ ಪ್ರಕಾರ ಇದು ಎರಡರ ಗುಣಗಳೂ ಕೂಡಿದ ಕೃತಿಯಾಗಬೇಕಾಗಿತ್ತು. ಆದರೆ 2009ರ ನಿಶ್ಚಲ ಚಿತ್ರ ಆಡುವವನೊಡನೆ ತಾನೂ ಉಸಿರು ಹಿಡಿದು ಕಾಯುತ್ತಿತ್ತು. ಇಲ್ಲಿ ಒಕಾಬೆ ತೆರೆಯ ಮೇಲೆ ಕಣ್ಣೆದುರಿಗೇ ನಿಂತಿದ್ದಾನೆ, ಫೋನು ಅವನ ಕೈಯಲ್ಲಿದೆ. ಗುಂಡಿಯೊತ್ತಬೇಕಾದವನು ಇತ್ತ ಕುಳಿತು ಅವನ ಮುಖವನ್ನು ನೋಡುತ್ತಾನೆ.