ಪ್ರಶಸ್ತಿ ಶಾಸನದಲ್ಲಿ ಸೋಲಿಗೆ ಜಾಗ ಇರಲ್ಲ

ಕಂಪನಿಗಳ ಇತಿಹಾಸ ಓದೋದು ನನಗೊಂದು ಚಟ. ಏರ್‌ಪೋರ್ಟಿನ ಪುಸ್ತಕದಂಗಡಿಯಲ್ಲಿ ಫೌಂಡರ್ ಕಥೆಗಳ ಸಾಲು ಕಂಡರೆ ಕಾಲು ಅಲ್ಲೇ ನಿಂತುಬಿಡುತ್ತೆ. ಒಂದು ಗ್ಯಾರೇಜು, ಒಂದಿಷ್ಟು ಸಾಲ, ಊರವರ ನಗು, ಹಠ, ಕೊನೆಗೆ ಗೆಲುವು. ಹೆಸರುಗಳನ್ನ ಬದಲಿಸಿದರೂ ಕಥೆ ಬದಲಾಗಲ್ಲ. ನಮ್ಮ ಉತ್ತರ ಕರ್ನಾಟಕದ ಮಟ್ಟಿಗೆ ಈ ಸಾಲಿನ ಹಿರಿಯಣ್ಣ ಅಂದರೆ ಕಿರ್ಲೋಸ್ಕರ್ ಕಥೆ. ಅದು ದೊಡ್ಡ ಕಥೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅದನ್ನ ಹೇಳುವ ರೀತಿಯ ಬಗ್ಗೆ ನನಗೆ ಎರಡು ತಕರಾರಿವೆ. ಒಂದು ರೈತನ ಬಗ್ಗೆ, ಇನ್ನೊಂದು ಹರಿಹರದ ಬಗ್ಗೆ.

ಮೊದಲು ಕಥೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ನೆಲ ಕನ್ನಡದ್ದು. ಚಿತ್ರಕಲೆ ಕಲಿಯೋಕೆ ಮುಂಬೈನ ಜೆ.ಜೆ. ಕಲಾಶಾಲೆಗೆ ಹೋದ ಹುಡುಗನಿಗೆ ಬಣ್ಣಗುರುಡು ಅಂತ ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ಕಡೆ ತಿರುಗಿದರು, ಮುಂಬೈನಲ್ಲೇ ಅದನ್ನ ಕಲಿಸುವ ಮೇಷ್ಟ್ರಾದರು. ಅಣ್ಣ ರಾಮುಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಕಂಪನಿ ತನ್ನ ಹುಟ್ಟಿದ ವರ್ಷ ಅಂತ ಹೇಳೋದು ಆ 1888ನ್ನೇ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕೈಹಿಡಿದರು. 1910ರಲ್ಲಿ ಪಾಪಾಸುಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ 32 ಎಕರೆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾರ್ಖಾನೆಯ ಜೊತೆಗೇ ಒಂದು ಊರು! 1920ರಲ್ಲಿ ಅಂಗಡಿ ಲಿಮಿಟೆಡ್ ಕಂಪನಿಯಾಯಿತು. ಮುಂದೆ ಪಂಪು, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್, ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರು.

ಮಗ ಶಂತನುರಾವ್ ಎಂಐಟಿಯಲ್ಲಿ ಇಂಜಿನಿಯರಿಂಗ್ ಓದಿ ಬಂದವರು. ಅವರ ಆತ್ಮಕಥೆ ‘ಕ್ಯಾಕ್ಟಸ್ ಆ್ಯಂಡ್ ರೋಸಸ್’ ಬಂದದ್ದು 1982ರಲ್ಲಿ. ನಮ್ಮ ನಾಡಿನ ಕೈಗಾರಿಕೆ ಬಗ್ಗೆ ತಿಳಿಯಬೇಕು ಅನ್ನೋರು ಓದಲೇಬೇಕಾದ ಪುಸ್ತಕ. ಲೈಸೆನ್ಸ್, ಪರ್ಮಿಟ್ಟುಗಳ ಕಾಲದಲ್ಲಿ ಸರ್ಕಾರಕ್ಕೆ ಎದುರು ಮಾತಾಡುವ ಧೈರ್ಯ ಇದ್ದ ಕೆಲವೇ ಉದ್ಯಮಿಗಳಲ್ಲಿ ಅವರೂ ಒಬ್ಬರು. ಆದರೆ ಶೀರ್ಷಿಕೆಯನ್ನೇ ನೋಡಿ: ಕಳ್ಳಿ ಮತ್ತು ಗುಲಾಬಿ. ಕಂಪನಿಯ ಕಥೆಗಳೆಲ್ಲ ಹಿಡಿಯುವ ದಾರಿ ಇದೇ. ಮೊದಲು ಕಳ್ಳಿ, ಆಮೇಲೆ ಗುಲಾಬಿ. ಗುಲಾಬಿ ಒಣಗಿದ ಮೇಲೆ ಏನಾಯಿತು ಅನ್ನೋದು ಆ ದಾರಿಯಲ್ಲಿ ಬರೋದೇ ಇಲ್ಲ.

ಈಗ ರೈತನ ವಿಷಯ. ಮೊದಲ ನೇಗಿಲುಗಳನ್ನ ಮಾರೋಕೆ ಎರಡು ವರ್ಷ ಹಿಡಿಯಿತಂತೆ. ಯಾಕೆ? ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ನಂಬಿದ್ದರು ಅಂತ ಕಥೆ ಹೇಳುತ್ತೆ. ಎಲ್ಲ ಕಡೆ ಇದೇ ಸಾಲು, ಎಲ್ಲರೂ ಇಲ್ಲಿ ಒಂದು ನಗು ನಗುತ್ತಾರೆ. ಪಾಪ, ಮೂಢ ರೈತ. ಅವನ ಕಣ್ಣು ತೆರೆಸಿದ ಜಾಣ ಉದ್ಯಮಿ.

ನಾನು ಹುನಗುಂದ ಸೀಮೆಯವನು. ನಮ್ಮದು ಎರಿ ಭೂಮಿ, ಹಿಂಗಾರಿ ಜೋಳ, ಕಡಲಿ. ಇಲ್ಲಿ ಪ್ರತಿ ವರ್ಷ ಹೊಲವನ್ನ ಆಳವಾಗಿ ಉಳೋದಿಲ್ಲ. ವರ್ಷ ವರ್ಷದ ಕೆಲಸ ಕುಂಟಿಯದು. ಮೇಲಿನ ಪದರ ಕೆರೆದು, ಕಸ ತೆಗೆದು, ಒಳಗಿನ ಹಸಿ ಆರದಂತೆ ನೋಡಿಕೊಳ್ಳೋದು. ಕರಕಿ ಬೇರು ಬಿಟ್ಟು ಹೊಲ ಕೆಟ್ಟಾಗ ಮಾತ್ರ ರಂಟಿ ಹೂಡಬೇಕು. ಹಾಗಾದರೆ ಕೆಲವು ವರ್ಷಕ್ಕೊಮ್ಮೆ ಬೇಕಾಗುವ ಸಾಮಾನಿಗೆ ಒಮ್ಮೆಲೇ ನಗದು ಕೊಡಬೇಕು. ನಗದು ಯಾರ ಹತ್ತಿರ ಇತ್ತು? ಕಟ್ಟಿಗೆಯ ರಂಟಿ ಮುರಿದರೆ ಊರ ಬಡಿಗೇರ ಇದ್ದ, ಕುಳ ಸವೆದರೆ ಕಂಬಾರ ಕುಲುಮೆಯಲ್ಲಿ ಕಾಯಿಸಿ ಬಡಿದು ಕೊಡುತ್ತಿದ್ದ. ಅವರಿಗೆ ಸುಗ್ಗಿಯಲ್ಲಿ ಕಾಳಿನ ಆಯ ಕೊಟ್ಟರೆ ಮುಗಿಯಿತು. ಎರಕದ ಕಬ್ಬಿಣ ಹಾಗಲ್ಲ. ಅದನ್ನ ಕಾಯಿಸಿ ಬಡಿಯೋಕೆ ಬರಲ್ಲ, ಬಡಿದರೆ ಒಡೆಯುತ್ತೆ. ಒಡೆದರೆ ಹೊಸ ಭಾಗ ತರಬೇಕು, ಅದು ಕಾರ್ಖಾನೆಯಿಂದಲೇ ಬರಬೇಕು, ಅದೂ ಬಿತ್ತನೆಯ ಹದ ಮೀರುವುದರೊಳಗೆ. ಮೇಲಾಗಿ ಭಾರದ ನೇಗಿಲಿಗೆ ಒಂದು ಜೋಡಿ ಎತ್ತು ಸಾಲದು.

ನಮ್ಮ ಆಫೀಸ್ ಭಾಷೆಯಲ್ಲಿ ಇದಕ್ಕೆ ವೆಂಡರ್ ಲಾಕ್-ಇನ್ ಅಂತೀವಿ. ಒಂದು ಸಾಫ್ಟ್‌ವೇರ್ ಕೊಳ್ಳೋ ಮುಂಚೆ ನಾವು ಎಷ್ಟು ಮೀಟಿಂಗ್ ಮಾಡ್ತೀವಿ, ಸಪೋರ್ಟ್ ಯಾರು ಕೊಡ್ತಾರೆ ಅಂತ ಎಷ್ಟು ಸಲ ಕೇಳ್ತೀವಿ! ಅದೇ ಪ್ರಶ್ನೆಯನ್ನ ಶತಮಾನದ ಹಿಂದೆ ಎರಿ ಹೊಲದ ರೈತ ಕೇಳಿದರೆ ಅದು ಮೂಢನಂಬಿಕೆ. ವಿಷದ ಮಾತನ್ನ ಯಾರೂ ಆಡಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಆಡಿರಬಹುದು. ಆದರೆ ಬೇಡ ಅನ್ನೋಕೆ ರೈತನ ಹತ್ತಿರ ಲೆಕ್ಕವೂ ಇತ್ತು. ಕಥೆ ವಿಷವನ್ನ ಇಟ್ಟುಕೊಂಡಿತು, ಲೆಕ್ಕವನ್ನ ಬಿಟ್ಟಿತು. ಇದರಿಂದ ನಷ್ಟ ಆದದ್ದು ಲಕ್ಷ್ಮಣರಾವ್ ಅವರಿಗೇ. ಮೂಢರನ್ನ ಗೆದ್ದೋರು ಅಂತ ಹೊಗಳೋದಕ್ಕಿಂತ, ಬಡಿಗೇರ, ಕಂಬಾರ, ಆಯ ಎಲ್ಲ ಸೇರಿದ್ದ ಗಟ್ಟಿ ವ್ಯವಸ್ಥೆಯೊಂದರ ಎದುರು ತನ್ನ ಸಾಮಾನು ಹೆಚ್ಚು ಅಂತ ತೋರಿಸಿಕೊಟ್ಟೋರು ಅನ್ನೋದು ದೊಡ್ಡ ಹೊಗಳಿಕೆ. ಎದುರಾಳಿಯನ್ನ ಸಣ್ಣವನನ್ನಾಗಿ ಮಾಡಿದರೆ ಗೆದ್ದವನೂ ಸಣ್ಣವನಾಗ್ತಾನೆ.

ಈ ಬಗೆಯ ಬರವಣಿಗೆ ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಐಹೊಳೆಯ ಮೇಗುತಿ ಗುಡಿಯ ಗೋಡೆ ಮೇಲೆ ಕ್ರಿ.ಶ. 634ರ ಶಾಸನ ಇದೆ. ಬರೆದವನು ರವಿಕೀರ್ತಿ, ಹೊಗಳಿಸಿಕೊಂಡವನು ಇಮ್ಮಡಿ ಪುಲಕೇಶಿ. ಗೆದ್ದ ರಾಜ್ಯಗಳ ಪಟ್ಟಿ ಇದೆ, ಹರ್ಷ ಸೋತದ್ದಿದೆ. ಕೊನೆಗೆ ಕವಿ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅದ್ಭುತ ಕಾವ್ಯ, ಇತಿಹಾಸಕ್ಕೆ ದೊಡ್ಡ ಆಧಾರ. ಆದರೆ ಅದು ಪ್ರಶಸ್ತಿ. 642ರ ಹೊತ್ತಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಆ ಸುದ್ದಿ ಬೇಕಾದರೆ ಮೇಗುತಿ ಬಿಟ್ಟು ಬಾದಾಮಿಗೆ ಹೋಗಬೇಕು. ಅಲ್ಲಿ ಬಂಡೆಯ ಮೇಲೆ ಗೆದ್ದವನೇ ಕೆತ್ತಿಸಿದ ಶಾಸನ ಇದೆ. ನಾವು ಅದೃಷ್ಟವಂತರು, ಎರಡು ಕಲ್ಲುಗಳೂ ಉಳಿದಿವೆ. ಒಂದನ್ನ ಇನ್ನೊಂದರ ಪಕ್ಕ ಇಟ್ಟು ಓದಬಹುದು.

ಕಂಪನಿಗಳ ಇತಿಹಾಸದಲ್ಲಿ ಮೇಗುತಿಯ ಕಲ್ಲುಗಳು ಬೇಕಾದಷ್ಟಿವೆ. ಬಾದಾಮಿಯ ಕಲ್ಲು ಇಲ್ಲ. ನನ್ನ ಎರಡನೇ ತಕರಾರು ಇದು, ಅದಕ್ಕೆ ಹರಿಹರಕ್ಕೆ ಹೋಗಬೇಕು. ತುಂಗಭದ್ರೆಯ ದಂಡೆ ಮೇಲೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ಮಾಡುವ ಕಾರ್ಖಾನೆ. ಲೇತ್ ಅಂದರೆ ಬೇರೆ ಯಂತ್ರಗಳನ್ನ ಹಡೆಯುವ ಯಂತ್ರ. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಹುಡುಗರು ಕೈ ಪಳಗಿಸಿಕೊಂಡದ್ದು ಈ ಹೆಸರಿನ ಲೇತುಗಳ ಮೇಲೆ. ಕಾರ್ಖಾನೆ ಇದ್ದ ಜಾಗದ ಹೆಸರೇ ಯಂತ್ರಾಪುರ. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಅದು ಮುಚ್ಚಿತು. ಯಂತ್ರ ನಿಂತರೂ ಊರಿನ ಹೆಸರು ಹಾಗೇ ಉಳಿಯಿತು.

ಲೇತಿನ ಜಗತ್ತು ಕಂಪ್ಯೂಟರ್ ನಿಯಂತ್ರಣಕ್ಕೆ ತಿರುಗಿದ ಕಾಲ ಅದು, 1991ರ ನಂತರ ಹೊರದೇಶದ ಯಂತ್ರಗಳಿಗೆ ಬಾಗಿಲು ತೆರೆದ ಕಾಲ. ಅದರಲ್ಲಿ ಯಾವುದು ಎಷ್ಟು ಕಾರಣ, ಒಳಗಿನ ಯಾವ ತೀರ್ಮಾನ ಎಲ್ಲಿ ಕೈಕೊಟ್ಟಿತು, ಇದೆಲ್ಲ ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಓದಿದ ನಮ್ಮಂಥೋರಿಗೆ ಹುಟ್ಟಿನ ಕಥೆಗಿಂತ ಹೆಚ್ಚು ಬೇಕಾದದ್ದು. ನಮ್ಮಲ್ಲಿ ಎಷ್ಟು ಜನ ಸೈಕಲ್ ಅಂಗಡಿ ಇಟ್ಟು ಕಾರ್ಖಾನೆ ಕಟ್ಟುತ್ತೇವೆ ಹೇಳಿ? ಆದರೆ ನಾವು ಕೆಲಸ ಮಾಡುವ ಕಂಪನಿ ಮುಚ್ಚೋದನ್ನೋ, ಮಾರಾಟ ಆಗೋದನ್ನೋ, ಟೀಮ್ ಪೂರ್ತಿ ಮನೆಗೆ ಹೋಗೋದನ್ನೋ ನಮ್ಮಲ್ಲಿ ಬಹಳ ಜನ ನೋಡ್ತೀವಿ. ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಹೇಳುವ ಪುಸ್ತಕ ಏರ್‌ಪೋರ್ಟ್ ಅಂಗಡಿಯಲ್ಲಿ ಸಿಗಲ್ಲ.

ಇತಿಹಾಸವನ್ನ ವಂಶವೃಕ್ಷದಂತೆ ಬರೆದರೆ ಇನ್ನೊಂದು ಕಷ್ಟ ಇದೆ. ಒಂದು ದಿನ ಅದನ್ನೂ ಆಸ್ತಿಯ ಹಾಗೆ ಪಾಲು ಮಾಡಬೇಕಾಗುತ್ತೆ. 2021ರಲ್ಲಿ ಆದದ್ದು ಅದೇ. ಮನೆತನದ ಒಂದು ಕವಲಿನ ಕಂಪನಿಗಳು ಹೊಸ ಬಣ್ಣ, ಹೊಸ ಗುರುತು ಹಾಕಿಕೊಂಡು ಹೊರಟಾಗ ಕಿರ್ಲೋಸ್ಕರ್ ಬ್ರದರ್ಸ್ ಸೆಬಿಗೆ ಪತ್ರ ಬರೆಯಿತು: ನಮ್ಮ 130 ವರ್ಷದ ಪರಂಪರೆಯನ್ನ ಇವರು ತಮ್ಮದು ಮಾಡಿಕೊಳ್ಳೋಕೆ ನೋಡ್ತಿದ್ದಾರೆ ಅಂತ. ಆ ಕಂಪನಿಗಳು ಅದನ್ನ ಅಲ್ಲಗಳೆದವು. ಕುಟುಂಬದ ಒಪ್ಪಂದದ ಬೇರೆ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಯಾರು ಸರಿ ಅಂತ ಹೇಳೋದು ನನ್ನ ಕೆಲಸವಲ್ಲ. ನನಗೆ ಸೋಜಿಗ ಅನಿಸಿದ್ದು ಬೇರೆ. 1888 ಯಾರದ್ದು ಅಂತ ಇಷ್ಟು ಗಲಾಟೆ ನಡೆಯಿತು. ಯಂತ್ರಾಪುರದ ಆ ಕೊನೆಯ ವರ್ಷ ನಮ್ಮದು ಅಂತ ಕೇಳಿಕೊಂಡು ಯಾರೂ ಪತ್ರ ಬರೆಯಲಿಲ್ಲ.

‘ಕಂಪನಿ ದುಡ್ಡು ಕೊಟ್ಟು ಬರೆಸುವ ಪುಸ್ತಕದಲ್ಲಿ ಸೋಲನ್ನ ಯಾಕಪ್ಪಾ ಹಾಕ್ತಾರೆ?’ ಅಂತ ನೀವು ಕೇಳಬಹುದು. ಸರಿಯೇ. ರವಿಕೀರ್ತಿಯ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಬಾದಾಮಿಯ ಬಂಡೆಯನ್ನ ಚಾಲುಕ್ಯರು ಕೆತ್ತಿಸಲಿಲ್ಲ. ಇನ್ನೊಬ್ಬರು ಕೆತ್ತಿಸಿದರು. ಕಂಪನಿಯ ಎರಡನೇ ಕಲ್ಲನ್ನೂ ಕಂಪನಿಯೇ ಕೆತ್ತಲಿ ಅಂತ ಕಾಯುತ್ತಾ ಕೂತರೆ ಆಗಲ್ಲ.

ಅದಕ್ಕೆ ಬೇಕಾದದ್ದು ತೀರಾ ದೊಡ್ಡದೇನಲ್ಲ. ಹರಿಹರದ ಲೇತ್ ಕಾರ್ಖಾನೆಯಲ್ಲಿ ದುಡಿದೋರು, ಅವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಕೆಲವರು ನಿಮ್ಮ ಆಫೀಸಿನಲ್ಲೇ ಪಕ್ಕದ ಸೀಟಿನಲ್ಲಿ ಇರಬಹುದು. ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಮೊದಲ ಕಬ್ಬಿಣದ ನೇಗಿಲು ಬಂದಾಗ ಮನೆಯಲ್ಲಿ ಯಾರು ಬೇಡ ಅಂದರು, ಬಡಿಗೇರನ ಆಯ ಯಾವಾಗ ನಿಂತಿತು ಅನ್ನೋದನ್ನ ಹಿರಿಯರ ಬಾಯಿಂದ ಕೇಳಿದೋರು ಇದ್ದಾರೆ. ಫೋನಿನಲ್ಲಿ ರೆಕಾರ್ಡರ್ ಇದೆ, ರಜೆಗೆ ಊರಿಗೆ ಹೇಗೂ ಹೋಗ್ತೀವಿ. ಮೊದಲ ಪ್ರಶ್ನೆ ‘ಕಂಪನಿ ಯಾವಾಗ ಶುರುವಾಯ್ತು’ ಅಂತ ಬೇಡ. ‘ಕೊನೆಯ ಪಗಾರ ಯಾವ ತಿಂಗಳು ಬಂತು’ ಅಂತ ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.